ಸರೋಜಾದೇವಿ ಚಿತ್ರಗಳ ಡಿವಿಡಿ: ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು

ಬಿ. ಸರೋಜಾದೇವಿಯವರ ಹಳೆಯ ಚಿತ್ರಗಳನ್ನು ಡಿವಿಡಿಯಲ್ಲಿ ಕೊಂಡು ಮನೆಯಲ್ಲಿ ಕೂತು ನೋಡಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಕ ಮೊದಲೇ ಹೇಳಿಬಿಡುತ್ತೇನೆ. ಕೊಂಡ ಅಂಗಡಿಗೆ ಐದಕ್ಕೆ ನಾಲ್ಕೂವರೆ. ಡಿಸ್ಕ್‌ಗಳಿಗೆ ಐದಕ್ಕೆ ಎರಡೂವರೆಗಿಂತ ಜಾಸ್ತಿ ಕೊಡಲಾರೆ. ಆದರೂ ಕೊಳ್ಳಿ ಅಂತಲೇ ನನ್ನ ಸಲಹೆ. ಯಾಕೆಂದರೆ ಈ ಸವೆದ ಪ್ರಿಂಟ್‌ಗಳಲ್ಲಿ ಸಿಗುವ ಸರೋಜಾದೇವಿಯನ್ನು ನಮ್ಮಲ್ಲಿ ತುಂಬಾ ಜನ ನೋಡಿಯೇ ಇಲ್ಲ.

2025ರ ಜುಲೈ 14ರಂದು ಸರೋಜಮ್ಮ ಮಲ್ಲೇಶ್ವರದ ತಮ್ಮ ಮನೆಯಲ್ಲಿ ತೀರಿಕೊಂಡರು. 87 ವರ್ಷ ಆಗಿತ್ತು. ಮಾರನೆಯ ದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರ ಕಣ್ಣುಗಳನ್ನು ದಾನ ಮಾಡಿದರು. ಆಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಷ್ಣುವರ್ಧನ್ ಜೊತೆ ಅವರಿಗೂ ಕರ್ನಾಟಕ ರತ್ನ ಪ್ರಶಸ್ತಿ ಘೋಷಣೆ ಆಯಿತು. ಆ ದಿನಗಳಲ್ಲಿ ನಾನು ನೋಡಿದ ಟಿವಿ ಕಾರ್ಯಕ್ರಮಗಳಲ್ಲೆಲ್ಲ ಅವವೇ ನಾಲ್ಕೈದು ಹಾಡು ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಅಭಿನಯ ಸರಸ್ವತಿ ಅಂತ ಬಿರುದನ್ನು ಹೇಳುತ್ತಿದ್ದರು, ಅಭಿನಯವನ್ನು ಮಾತ್ರ ತೋರಿಸಲಿಲ್ಲ. ಇಡೀ ಚಿತ್ರಗಳನ್ನು ನಾನೇ ಹುಡುಕಿಕೊಂಡು ನೋಡಬೇಕು ಅಂತ ತೀರ್ಮಾನ ಮಾಡಿದ್ದು ಆಗಲೇ.

ಅಂಗಡಿ ಮೆಜೆಸ್ಟಿಕ್ ಕಡೆಯ ಒಂದು ಗಲ್ಲಿಯಲ್ಲಿದೆ. ಬೋರ್ಡ್ ಕೂಡ ಇಲ್ಲ. ಮುಂದುಗಡೆ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್ ನೇತುಹಾಕಿದ್ದಾರೆ, ಅದರಿಂದಲೇ ಈಗ ವ್ಯಾಪಾರ ನಡೆಯುವುದು. ಒಳಗೆ ಹೋದರೆ ಹಿಂದಿನ ಗೋಡೆ ಪೂರ್ತಿ ಸಿ.ಡಿ., ವಿಸಿಡಿ, ಡಿವಿಡಿ. ಮಾಲೀಕರು ವಯಸ್ಸಾದವರು, ಕ್ಯಾಸೆಟ್ ಕಾಲದಿಂದ ಅಲ್ಲೇ ಇದ್ದಾರೆ. "ಅಣ್ಣಾ, ಸರೋಜಾದೇವಿ ಪಿಕ್ಚರ್ ಇದೆಯಾ?" ಅಂತ ಕೇಳಿದೆ. "ಯಾವ ಭಾಷೇದಮ್ಮಾ? ಕನ್ನಡಾನಾ, ತಮಿಳಾ, ತೆಲುಗಾ, ಹಿಂದಿನಾ?" ಅಂದರು. ನಾಲ್ಕಕ್ಕೂ ಬೇರೆ ಬೇರೆ ಸಾಲಿನಿಂದ ಡಿಸ್ಕ್ ತೆಗೆದು ಕೌಂಟರ್ ಮೇಲೆ ಇಟ್ಟರು. ತಮಿಳಿನ ರಾಶಿ ಎಲ್ಲಕ್ಕಿಂತ ಎತ್ತರ ಇತ್ತು. ಕನ್ನಡದ್ದು ಅದರ ಅರ್ಧವೂ ಇರಲಿಲ್ಲ. ಬೆಂಗಳೂರಲ್ಲಿ ಹುಟ್ಟಿದ, ಕನ್ನಡ ಚಿತ್ರದಿಂದಲೇ ಶುರು ಮಾಡಿದ ನಟಿ ಅವರು. ಆ ಎರಡು ರಾಶಿ ಪಕ್ಕಪಕ್ಕ ನೋಡಿ ಬೇಜಾರಾಯಿತು.

ಈ ಅಂಗಡಿಗೆ ಅಷ್ಟು ಅಂಕ ಕೊಟ್ಟಿರುವುದಕ್ಕೆ ಕಾರಣ ಇದೆ. ಕೊಳ್ಳುವ ಮುಂಚೆ ಪ್ರತಿ ಡಿಸ್ಕನ್ನೂ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ಗೀಚು ಬಿದ್ದಿದೆಯಾ ಅಂತ ನೋಡುತ್ತಾರೆ. ಅನುಮಾನ ಬಂದರೆ ಅಲ್ಲೇ ಇರುವ ಸಣ್ಣ ಪ್ಲೇಯರ್‌ಗೆ ಹಾಕಿ ಶುರು, ನಡುವೆ, ಕೊನೆ, ಮೂರು ಕಡೆ ಓಡಿಸಿ ತೋರಿಸುತ್ತಾರೆ. "ಇದು ಬೇಡಮ್ಮ, ಸೌಂಡು ಸರಿ ಇಲ್ಲ, ಸುಮ್ನೆ ದುಡ್ಡು ದಂಡ" ಅಂತ ಒಂದೆರಡನ್ನು ಅವರೇ ವಾಪಸ್ ಇಟ್ಟರು. ಮನೆಗೆ ಹೋದ ಮೇಲೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬದಲಾಯಿಸಿ ಕೊಡುತ್ತಾರೆ, ಅದಕ್ಕೆ ಬಿಲ್ಲನ್ನೂ ಕೇಳಲ್ಲ. ವಿಸಿಡಿ ಇಪ್ಪತ್ತು ಮೂವತ್ತು ರೂಪಾಯಿಗೆ ಬರುತ್ತದೆ, ಡಿವಿಡಿ ಐವತ್ತರಿಂದ ನೂರರ ಒಳಗೆ. ಅರ್ಧ ಅಂಕ ಕಡಿಮೆ ಮಾಡಿರುವುದು ಯಾಕೆಂದರೆ ಡಿಸ್ಕ್‌ಗಳನ್ನು ಹೀರೋ ಹೆಸರಲ್ಲಿ ಜೋಡಿಸಿದ್ದಾರೆ. ರಾಜ್‌ಕುಮಾರ್ ಸಾಲು, ಎಂಜಿಆರ್ ಸಾಲು, ಶಿವಾಜಿ ಸಾಲು ಅಂತ. ನಾಯಕಿ ಹೆಸರು ಹಿಡಿದು ಹುಡುಕಬೇಕೆಂದರೆ ಅವರ ನೆನಪೇ ಗತಿ.

ಈಗ ಡಿಸ್ಕ್‌ಗಳ ವಿಷಯ.

ಕೊಳ್ಳುವುದಾದರೆ ಮೊದಲು "ಕಿತ್ತೂರು ಚೆನ್ನಮ್ಮ" ಕೊಳ್ಳಿ. 1961ರ ಚಿತ್ರ, ಬಿ.ಆರ್. ಪಂತುಲು ನಿರ್ದೇಶನ. ಇದಕ್ಕೆ ಎರಡು ವರ್ಷ ಮುಂಚೆ ಪಂತುಲು ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ಕಟ್ಟಬೊಮ್ಮನ್ ಚಿತ್ರ ಮಾಡಿ ದೊಡ್ಡ ಹೆಸರು ತಗೊಂಡಿದ್ದರು. ಬ್ರಿಟಿಷರಿಗೆ ಕಪ್ಪ ಕೊಡಲ್ಲ ಅಂತ ನಿಲ್ಲುವ ಅದೇ ಬಗೆಯ ಕಥೆಯನ್ನು ಕನ್ನಡದಲ್ಲಿ ಮಾಡುವಾಗ ಅದರ ಪೂರ್ತಿ ಭಾರ ಒಬ್ಬ ಹೆಣ್ಣಿನ ಮೇಲೆ ಬಿತ್ತು. ಆಗ ಸರೋಜಾದೇವಿಗೆ 23 ವರ್ಷ. ರಾಜ್‌ಕುಮಾರ್ ಮಲ್ಲಸರ್ಜ ದೇಸಾಯಿ, ಲೀಲಾವತಿ ಹಿರಿಯ ರಾಣಿ ರುದ್ರಮ್ಮ. ರಾಜ್‌ಕುಮಾರ್ ಇರುವ ಚಿತ್ರದಲ್ಲಿ ಇನ್ನೊಬ್ಬರು ನಡುವೆ ನಿಂತು, ಇಡೀ ಚಿತ್ರವನ್ನು ತಮ್ಮದು ಅನ್ನಿಸುವ ಹಾಗೆ ಮಾಡುವುದು ಸುಲಭದ ಮಾತಲ್ಲ, ಅಲ್ವಾ? ಇಲ್ಲಿ ಅದು ಆಗಿದೆ.

ಈ ಚಿತ್ರದ ಬಗ್ಗೆ ಎಲ್ಲರಿಗೂ ನೆನಪಿರುವುದು ಕಪ್ಪ ಯಾಕೆ ಕೊಡಬೇಕು ಅಂತ ಗುಡುಗುವ ಮಾತು. ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಣ್ಣುಮಕ್ಕಳು ಸೀರೆ ಕಚ್ಚೆ ಹಾಕಿ, ಕತ್ತಿ ಹಿಡಿದು ಈಗಲೂ ಚೆನ್ನಮ್ಮ ಆಗುತ್ತಾರೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಅದಕ್ಕಿಂತ ಮುಂಚಿನ ಭಾಗ. ಎರಡನೆಯ ಹೆಂಡತಿಯಾಗಿ ಅರಮನೆಗೆ ಬರುವ ಹುಡುಗಿ, ಹಿರಿಯ ರಾಣಿಯ ಎದುರು ಎಷ್ಟು ಮಾತಾಡಬೇಕು, ಎಲ್ಲಿ ತಗ್ಗಬೇಕು, ಎಲ್ಲಿ ತಗ್ಗಬಾರದು ಅಂತ ಕಲಿಯುತ್ತಾ ಹೋಗುವುದನ್ನು ಸರೋಜಮ್ಮ ಧ್ವನಿಯಲ್ಲೇ ತೋರಿಸುತ್ತಾರೆ. ಮೊದಲು ಮಾತಿನ ಕೊನೆ ಮೇಲಕ್ಕೆ ಹೋಗುತ್ತದೆ, ಚಿಕ್ಕ ಹುಡುಗಿಯರು ಮಾತಾಡುವ ಹಾಗೆ. ಗಂಡ ಹೋದ ಮೇಲೆ ಅದೇ ಧ್ವನಿ ಕೆಳಗಿಳಿದು ಗಟ್ಟಿಯಾಗುತ್ತದೆ. 1824ರ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು, ಡಿಸೆಂಬರ್‌ನಲ್ಲಿ ಬ್ರಿಟಿಷರು ಇನ್ನೂ ದೊಡ್ಡ ಸೈನ್ಯ ತಂದದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡದ್ದು ಇದೆಲ್ಲ ನಮಗೆ ಗೊತ್ತಿರುವ ಇತಿಹಾಸ. ಕೊನೆ ಏನು ಅಂತ ಗೊತ್ತಿದ್ದೂ ಕೂತು ನೋಡುವ ಹಾಗೆ ಆಗುವುದು ಆ ಧ್ವನಿಯಿಂದ. ನಮ್ಮ ದೊಡ್ಡಮ್ಮ ಜೊತೆ ಕೂತು ನೋಡಿದೆ, ಯುದ್ಧದ ಭಾಗ ಬರುವ ಹೊತ್ತಿಗೆ ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟಿದ್ದರು.

ಡಿಸ್ಕ್ ಹೇಗಿದೆ? ಚಿತ್ರ ಮಬ್ಬು. ರಾತ್ರಿಯ ದೃಶ್ಯಗಳಲ್ಲಿ ಮುಖ ಬಿಟ್ಟು ಬೇರೆ ಏನೂ ಕಾಣಲ್ಲ. ಬಲಗಡೆ ಮೂಲೆಯಲ್ಲಿ ಕಂಪನಿಯ ಲೋಗೋ ಚಿತ್ರ ಮುಗಿಯುವ ತನಕ ಹೋಗಲ್ಲ. ಆದರೆ ಧ್ವನಿ ಸ್ಪಷ್ಟವಾಗಿದೆ. ಈ ಚಿತ್ರಕ್ಕೆ ಅದೇ ಮುಖ್ಯ, ಹಾಗಾಗಿ ಧೈರ್ಯವಾಗಿ ತಗೊಳ್ಳಿ.

ಇಲ್ಲಿ ಒಂದು ಉಪಯೋಗದ ಮಾತು ಹೇಳಬೇಕು. ಆ ಕಾಲದ ಚಿತ್ರಗಳ ಚೌಕಟ್ಟು ಈಗಿನ ಟಿವಿಯ ಹಾಗೆ ಅಗಲ ಇರಲಿಲ್ಲ, ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಅಳತೆ. ಈಗಿನ ಟಿವಿಯಲ್ಲಿ ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರಬೇಕು, ಬಂದರೇ ಸರಿ. ಆದರೆ ಟಿವಿ ತಾನಾಗೇ ಎಳೆದು ಪೂರ್ತಿ ತುಂಬಿಸಿಬಿಡುತ್ತದೆ. ದೊಡ್ಡಮ್ಮ ಮೊದಲು ಕೇಳಿದ್ದೇ "ಅಯ್ಯೋ, ಸರೋಜಮ್ಮನ್ನ ಯಾಕೆ ಹಿಂಗೆ ಅಗಲ ಮಾಡಿದಾರೆ?" ಅಂತ. ರಿಮೋಟ್‌ನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ 4:3 ಅಂತ ಇಡಿ, ಸರಿಯಾಗುತ್ತದೆ. ಕೆಲವು ಡಿಸ್ಕ್‌ಗಳಲ್ಲಿ ಮಾತ್ರ ಕಂಪನಿಯವರೇ ತಲೆ ಮೇಲೆ, ಗಲ್ಲದ ಕೆಳಗೆ ಕತ್ತರಿಸಿ ಅಗಲ ಮಾಡಿ ತುಂಬಿಸಿದ್ದಾರೆ. ಅದಕ್ಕೆ ನಮ್ಮ ಕೈಯಲ್ಲಿ ಏನೂ ಮಾಡಲಿಕ್ಕಾಗಲ್ಲ. ಕಣ್ಣು, ಹುಬ್ಬು, ತುಟಿಯ ಅಂಚಿನಲ್ಲೇ ಅರ್ಧ ನಟನೆ ಮಾಡುವವರ ಮುಖವನ್ನು ಹೀಗೆ ಕತ್ತರಿಸಿದರೆ ಏನು ಉಳಿಯುತ್ತದೆ ಹೇಳಿ? ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ.

ಎರಡನೆಯದು "ಮಲ್ಲಮ್ಮನ ಪವಾಡ". 1969, ಪುಟ್ಟಣ್ಣ ಕಣಗಾಲ್. ರಾಜ್‌ಕುಮಾರ್ ಜೊತೆ ಪುಟ್ಟಣ್ಣ ಮಾಡಿದ್ದು ಮೂರೇ ಚಿತ್ರ, ಅದರಲ್ಲಿ ಇದು ಮೊದಲನೆಯದು. ವಜ್ರಮುನಿ ತೆರೆಗೆ ಬಂದದ್ದೂ ಇದರಲ್ಲೇ. ಬಿ. ಪುಟ್ಟಸ್ವಾಮಯ್ಯನವರ "ಅರ್ಧಾಂಗಿ" ಕಾದಂಬರಿಯ ಕಥೆ. ಮಲತಾಯಿಯನ್ನು ದೇವರ ಹಾಗೆ ನಂಬಿರುವ ಮುಗ್ಧ ಗಂಡ, ಆಸ್ತಿಗಾಗಿ ಅವನನ್ನು ಹಾಗೇ ಬೆಳೆಸಿರುವ ಮಲತಾಯಿ, ಆ ಮನೆಗೆ ಬರುವ ಬುದ್ಧಿವಂತ ಸೊಸೆ. ಇದೇ ಕಥೆ ಆಮೇಲೆ ತಮಿಳಿನಲ್ಲಿ ಬಂತು, ಹಿಂದಿಯಲ್ಲಿ 1992ರಲ್ಲಿ "ಬೇಟಾ" ಆಯಿತು, ಮರುವರ್ಷ ಕನ್ನಡಕ್ಕೇ ವಾಪಸ್ ಬಂದು "ಅಣ್ಣಯ್ಯ" ಆಯಿತು. "ಬೇಟಾ"ದ ಸೊಸೆಯ ಪಾತ್ರಕ್ಕೆ ಮಾಧುರಿ ದೀಕ್ಷಿತ್‌ಗೆ ಫಿಲ್ಮ್‌ಫೇರ್ ಬಂತು. ಆ ಪಾತ್ರವನ್ನು ಅದಕ್ಕೂ ಎಷ್ಟೋ ಮುಂಚೆ ಕನ್ನಡದಲ್ಲಿ ಮಾಡಿದ್ದು ನಮ್ಮ ಸರೋಜಮ್ಮ ಅಂತ ಈಗಿನವರಿಗೆ ಎಷ್ಟು ಜನಕ್ಕೆ ಗೊತ್ತು?

ಎರಡೂ ನೋಡಿದವರು ಹೋಲಿಸಿ ನೋಡಿ. ಹಿಂದಿಯಲ್ಲಿ ಸೊಸೆ ಅತ್ತೆಗೆ ಸವಾಲು ಹಾಕುವಾಗ ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಮಲ್ಲಮ್ಮ ಜಾಣೆ, ಆದರೆ ಅವಳಿಗೆ ಗಂಡನ ನಂಬಿಕೆ ಒಡೆಯುವುದೂ ಇಷ್ಟ ಇಲ್ಲ. ಎಲ್ಲ ಗೊತ್ತಾಗಿಯೂ ಬಾಯಿ ಬಿಡಲಾಗದ ಕಷ್ಟವನ್ನು ಸರೋಜಾದೇವಿ ಮಾತಿಲ್ಲದ ಜಾಗಗಳಲ್ಲಿ ತರುತ್ತಾರೆ. ಅತ್ತೆಯ ಮಾತು ಕೇಳುತ್ತಾ ನಿಂತಿರುತ್ತಾರೆ, ಮುಖದಲ್ಲಿ ಮರ್ಯಾದೆ ಹಾಗೇ ಇರುತ್ತದೆ, ಕಣ್ಣು ಮಾತ್ರ ಲೆಕ್ಕ ಹಾಕುತ್ತಿರುತ್ತದೆ. ಎದುರಿಗೆ ರಾಜ್‌ಕುಮಾರ್ ಅಷ್ಟು ಮುಗ್ಧರಾಗಿ ಮಾಡಿದ್ದಕ್ಕೇ ಇವರ ಜಾಣತನ ಎದ್ದು ಕಾಣುವುದು, ಅದನ್ನೂ ಹೇಳಬೇಕು. "ಶರಣೆಂಬೆ ನಾ ಶಶಿಭೂಷಣ" ಹಾಡು ಇದರದ್ದೇ, ವಿಜಯಭಾಸ್ಕರ್ ಸಂಗೀತ. ನನಗೆ ಸಿಕ್ಕಿದ್ದು ವಿಸಿಡಿ. ಅಲ್ಲಲ್ಲಿ ಚಿತ್ರ ಹಾರುತ್ತದೆ, ಎರಡನೇ ಡಿಸ್ಕ್‌ನ ಶುರುವಿನಲ್ಲಿ ಒಂದು ಮಾತು ಅರ್ಧಕ್ಕೇ ಕಟ್ ಆಗುತ್ತದೆ. ಇದರ ಡಿವಿಡಿ ಸಿಕ್ಕರೆ ನೂರು ರೂಪಾಯಿ ಅಲ್ಲ, ಐನೂರು ಕೊಟ್ಟಾದರೂ ತಗೊಳ್ಳಿ.

ವಿಸಿಡಿ ಮತ್ತು ಡಿವಿಡಿ ನಡುವೆ ಆಯ್ಕೆ ಇದ್ದರೆ ಯಾವಾಗಲೂ ಡಿವಿಡಿಯೇ ಇರಲಿ. ವಿಸಿಡಿಯಲ್ಲಿ ಚಿತ್ರದ ಅಳತೆ 352ಕ್ಕೆ 288 ಚುಕ್ಕಿ, ಡಿವಿಡಿಯಲ್ಲಿ 720ಕ್ಕೆ 576. ಅಂದರೆ ನಾಲ್ಕು ಪಟ್ಟು ವಿವರ. ದೊಡ್ಡ ಟಿವಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದರೆ ಒಂದೇ ಡಿವಿಡಿಯಲ್ಲಿ ಮೂರು ಚಿತ್ರ ಅಂತ ಬರುವ 3 ಇನ್ 1 ಡಿಸ್ಕನ್ನು ಮಾತ್ರ ಮುಟ್ಟಬೇಡಿ. ಮಾಮೂಲಿ ಡಿಸ್ಕ್‌ನಲ್ಲಿ ಹಿಡಿಸುವುದು 4.7 ಜಿಬಿ. ಅದರಲ್ಲಿ ಎರಡೂವರೆ ಗಂಟೆಯ ಮೂರು ಚಿತ್ರ ತುರುಕಿದರೆ ಏನಾಗುತ್ತದೆ? ಮುಖದ ಮೇಲೆ ಚೌಕ ಚೌಕ ಕಾಣುತ್ತದೆ, ಯಾರಾದರೂ ಸ್ವಲ್ಪ ಜೋರಾಗಿ ತಿರುಗಿದರೂ ಚಿತ್ರ ಕಲಸಿಹೋಗುತ್ತದೆ. ಜಾಗ ಉಳಿಸಲಿಕ್ಕೆ ಹಾಡುಗಳನ್ನೂ ಕತ್ತರಿಸಿರುತ್ತಾರೆ. ನನ್ನ ಹತ್ತಿರ ಇರುವ 3 ಇನ್ 1ರಲ್ಲಿ ಶೀರ್ಷಿಕೆಗಳೇ ಇಲ್ಲ, ಯಾರು ಮಾಡಿದ ಚಿತ್ರ ಅಂತ ಹೆಸರು ಕೂಡ ಬರಲ್ಲ. ಛಾಯಾಗ್ರಾಹಕರು, ಸಂಭಾಷಣೆ ಬರೆದವರು, ಎಲ್ಲರನ್ನೂ ಒಂದೇ ಏಟಿಗೆ ಅಳಿಸಿಹಾಕಿದ್ದಾರೆ.

"ಅಮರಶಿಲ್ಪಿ ಜಕಣಾಚಾರಿ" ಬಗ್ಗೆ ನನಗೆ ಆಸೆ ಜಾಸ್ತಿ ಇತ್ತು. 1964ರಲ್ಲಿ ಬಿ.ಎಸ್. ರಂಗಾ ಮಾಡಿದ್ದು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್ ಕುಮಾರ್ ನಾಯಕ. ಮೊದಲ ಸಲ ಬಣ್ಣದಲ್ಲಿ ಕನ್ನಡ ಚಿತ್ರ ನೋಡಿದವರಿಗೆ ಆಗ ಹೇಗಾಗಿರಬೇಕು ಅಂತ ತಿಳಿಯುವ ಕುತೂಹಲ ನನಗೆ. ಆದರೆ ಡಿಸ್ಕ್‌ನಲ್ಲಿ ಎಲ್ಲ ಬಣ್ಣವೂ ಹೋಗಿ ಕೆಂಪು ಮಾತ್ರ ಉಳಿದಿದೆ. ಹಳೆಯ ಕಲರ್ ಪ್ರಿಂಟ್‌ಗಳಲ್ಲಿ ನೀಲಿ, ಹಸಿರು ಮೊದಲು ಮಾಸುತ್ತವೆ, ಹಾಗೆ ಮಾಸಿದ ಪ್ರಿಂಟನ್ನೇ ಡಿಸ್ಕ್‌ಗೆ ಇಳಿಸಿದ್ದಾರೆ. ಸರೋಜಮ್ಮನ ಸೀರೆ, ಒಡವೆ, ಹಿಂದಿನ ಕಲ್ಲಿನ ಕೆತ್ತನೆ ಎಲ್ಲ ಒಂದೇ ಬಣ್ಣ. ಅಂತಹ ಒಂದು ಮೈಲಿಗಲ್ಲನ್ನು ಈ ಸ್ಥಿತಿಯಲ್ಲಿ ನೋಡಬೇಕಾಗಿ ಬಂದದ್ದು ತುಂಬಾ ನೋವಿನ ವಿಷಯ. ಸದ್ಯಕ್ಕೆ ಇದನ್ನು ಕೊಳ್ಳಬೇಡಿ.

"ಬಭ್ರುವಾಹನ" ಎಲ್ಲರ ಮನೆಯಲ್ಲೂ ನೋಡಿರುವುದೇ, ಡಿಸ್ಕ್ ಕೂಡ ಚೆನ್ನಾಗಿದೆ. ಚಿತ್ರಾಂಗದೆ ಸರೋಜಾದೇವಿ. ತಗೊಳ್ಳಿ. "ನ್ಯಾಯವೇ ದೇವರು" ಸಾಧಾರಣ ಪ್ರಿಂಟ್, "ಆಕಾಶವೇ ಬೀಳಲಿ ಮೇಲೆ" ಹಾಡಿಗಾಗಿ ಇಟ್ಟುಕೊಳ್ಳಬಹುದು.

ತಮಿಳಿನ ರಾಶಿಯಿಂದ ಮೂರು ನಾಲ್ಕು ಆರಿಸಿಕೊಂಡೆ. ಅವುಗಳ ಪ್ರಿಂಟ್ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ಶುದ್ಧ. "ನಾಡೋಡಿ ಮನ್ನನ್" 1958ರದ್ದು, ಎಂಜಿಆರ್ ನಿರ್ದೇಶನ ಮಾಡಿದ ಮೊದಲ ಚಿತ್ರ. ಅದರಲ್ಲಿ ಸರೋಜಾದೇವಿ ಬರುವುದೇ ಚಿತ್ರದ ಎರಡನೇ ಅರ್ಧದಲ್ಲಿ, ಆ ಭಾಗ ಬಣ್ಣದಲ್ಲಿದೆ. ಅಲ್ಲಿಂದ ಅವರ ದೆಸೆ ತಿರುಗಿತು. 1955ರಲ್ಲಿ ಹೊನ್ನಪ್ಪ ಭಾಗವತರ "ಮಹಾಕವಿ ಕಾಳಿದಾಸ"ದಲ್ಲಿ ಹದಿನೇಳರ ಹುಡುಗಿಯಾಗಿ ಶುರು ಮಾಡಿ, ಮೂರೇ ವರ್ಷದಲ್ಲಿ ಮದ್ರಾಸಿನ ದೊಡ್ಡ ನಾಯಕಿ ಆದರು. ಎಂಜಿಆರ್ ಜೊತೆ 26 ಚಿತ್ರ, ಶಿವಾಜಿ ಜೊತೆ 22. ನಾಲ್ಕು ಭಾಷೆ ಸೇರಿ ಸುಮಾರು 200. "ಕನ್ನಡತ್ತು ಪೈಂಗಿಳಿ" ಅಂತ ತಮಿಳರು ಕರೆದದ್ದು ಸುಮ್ನೆ ಅಲ್ಲ.

ಅವರ ತಮಿಳಿನಲ್ಲಿ ಕನ್ನಡದ ಎಳೆ ಇತ್ತು. ಅದನ್ನು ತಮಿಳರು ಆಡಿಕೊಳ್ಳಲಿಲ್ಲ, ಮೆಚ್ಚಿಕೊಂಡರು. "ಪುದಿಯ ಪರವೈ" ಚಿತ್ರದಲ್ಲಿ ಶಿವಾಜಿಯನ್ನು "ಗೋಪಾಲ್" ಅಂತ ಎಳೆದು ಕರೆಯುವುದನ್ನು ತಮಿಳುನಾಡಿನ ಮಿಮಿಕ್ರಿ ಕಲಾವಿದರು ಈಗಲೂ ಮಾಡುತ್ತಾರೆ. 1964ರ ಆ ಚಿತ್ರವನ್ನು ಕಥೆ ಗೊತ್ತಿಲ್ಲದೆ ನೋಡಿ, ಅದಕ್ಕಾಗಿ ನಾನು ಇಲ್ಲಿ ಏನೂ ಹೇಳಲ್ಲ. ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಹಾಕಿ ಸರೋಜಾದೇವಿಯನ್ನೇ ಗಮನಿಸಿ. ಮೊದಲ ಸಲ ಬರೀ ಮುದ್ದು ಅನ್ನಿಸಿದ ಎಷ್ಟೋ ನೋಟ ಎರಡನೇ ಸಲ ಬೇರೆ ರೀತಿ ಕಾಣುತ್ತದೆ. ಮುದ್ದು ಮುದ್ದಾಗಿ ಮಾತಾಡುವ ನಾಯಕಿ ಅಂತ ಅವರನ್ನು ಬದಿಗಿಡುವವರಿಗೆ ನಾನು ಈ ಡಿಸ್ಕನ್ನೇ ಕೊಡುತ್ತೇನೆ.

"ಅನ್ಬೇ ವಾ" ದೊಡ್ಡಮ್ಮನಿಗಾಗಿ ತಗೊಂಡದ್ದು. 1966, ಎವಿಎಂ ಸಂಸ್ಥೆಯಲ್ಲಿ ಎಂಜಿಆರ್ ಮಾಡಿದ ಒಂದೇ ಚಿತ್ರ, ಶಿಮ್ಲಾದ ಹಿನ್ನೆಲೆ, ಬಣ್ಣ ಹೊಳೆಯುತ್ತದೆ. ಸೀರೆ, ಜಡೆ, ಬಳೆ ಒಂದೊಂದನ್ನೂ ದೊಡ್ಡಮ್ಮ ನಿಲ್ಲಿಸಿ ನಿಲ್ಲಿಸಿ ನೋಡಿದರು. ಆ ಕಾಲದ ಹುಡುಗಿಯರು ಸರೋಜಾದೇವಿ ಉಟ್ಟ ಹಾಗೆ ಉಡಬೇಕು, ಅವರ ಹಾಗೆ ತಲೆ ಬಾಚಬೇಕು ಅಂತ ಹಟ ಹಿಡಿಯುತ್ತಿದ್ದರಂತೆ. ಅಷ್ಟು ಫ್ಯಾಷನ್ ಮಾಡಿದವರು ಒಂದು ಗೆರೆಯನ್ನು ಮಾತ್ರ ಕೊನೆಯ ತನಕ ದಾಟಲಿಲ್ಲ. ಈಜುಡುಗೆ ಇಲ್ಲ, ತೋಳಿಲ್ಲದ ರವಿಕೆ ಇಲ್ಲ ಅಂತ ತಾಯಿ ರುದ್ರಮ್ಮ ನಿಯಮ ಹಾಕಿದ್ದರು. ತಂದೆ ಭೈರಪ್ಪ ಪೊಲೀಸ್ ಇಲಾಖೆಯವರು, ಮಗಳಿಗೆ ನೃತ್ಯ ಕಲಿ ಅಂತ ಹುರಿದುಂಬಿಸಿದವರು. ಅಪ್ಪನ ಒತ್ತಾಸೆ, ಅಮ್ಮನ ಕಟ್ಟುನಿಟ್ಟು ಎರಡೂ ಇದ್ದ ಮನೆಯಿಂದ ಬಂದು ನಾಲ್ಕು ಭಾಷೆಯ ಚಿತ್ರರಂಗದಲ್ಲಿ ತಮ್ಮ ಷರತ್ತಿನಲ್ಲೇ ದುಡಿದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಿಂದಿಯಲ್ಲಿ ಅಂಗಡಿಯಲ್ಲಿ ಇದ್ದದ್ದು "ಸಸುರಾಲ್" ಒಂದೇ. ರಾಜೇಂದ್ರ ಕುಮಾರ್ ಜೊತೆ, 1961. ಮೊಹಮ್ಮದ್ ರಫಿಗೆ ಫಿಲ್ಮ್‌ಫೇರ್ ತಂದ "ತೇರಿ ಪ್ಯಾರಿ ಪ್ಯಾರಿ ಸೂರತ್ ಕೋ" ಇದರದ್ದು. ಆ ಪ್ಯಾರಿ ಸೂರತ್ ನಮ್ಮ ಬೆಂಗಳೂರಿನ ಹುಡುಗಿಯದ್ದು. "ಕಿತ್ತೂರು ಚೆನ್ನಮ್ಮ" ಬಂದ ವರ್ಷವೇ ಇದೂ ಬಂತು ಅನ್ನುವುದನ್ನು ಗಮನಿಸಿ. ಒಂದೇ ವರ್ಷದಲ್ಲಿ ಕತ್ತಿ ಹಿಡಿದ ರಾಣಿ, ಹಿಂದಿಯ ಪ್ರೇಮಕಥೆಯ ನಾಯಕಿ.

ಕನ್ನಡಕ್ಕೆ ವಾಪಸ್ ಬರೋಣ. 1967ರಲ್ಲಿ ಅವರು ಶ್ರೀಹರ್ಷ ಅವರನ್ನು ಮದುವೆಯಾದರು. ಮದುವೆ ಆದ ಮೇಲೆ ನಾಯಕಿಯರ ಕಥೆ ಮುಗಿಯಿತು ಅನ್ನುತ್ತಿದ್ದ ಕಾಲ ಅದು. ತಮಿಳಿನಲ್ಲಿ ಅವಕಾಶ ಕಡಿಮೆ ಆದದ್ದೂ ನಿಜ. ಆದರೆ "ಮಲ್ಲಮ್ಮನ ಪವಾಡ"ದಿಂದ ಹಿಡಿದು ಕನ್ನಡದಲ್ಲಿ ಅವರ ಒಳ್ಳೆಯ ಪಾತ್ರಗಳಲ್ಲಿ ತುಂಬಾ ಬಂದದ್ದು ಮದುವೆಯ ನಂತರವೇ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಅತ್ಯುತ್ತಮ ಭಾಗ ಇದು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂತು.

ಈ ಭಾಗದಿಂದ ಒಂದೇ ಒಂದು ಡಿಸ್ಕ್ ಕೊಳ್ಳಿ ಅಂದರೆ ನಾನು ಹೇಳುವುದು "ಕಥಾಸಂಗಮ". 1976, ಮತ್ತೆ ಪುಟ್ಟಣ್ಣ. ಮೂರು ಸಣ್ಣಕತೆ ಸೇರಿಸಿದ ಚಿತ್ರ. ರಜನಿಕಾಂತ್ ಇರುವ ಭಾಗದಿಂದಾಗಿ ಜನ ಇದನ್ನು ನೆನಪಿಟ್ಟಿದ್ದಾರೆ, ಡಿಸ್ಕ್‌ನ ಕವರ್ ಮೇಲೂ ರಜನಿ ಫೋಟೋನೇ ದೊಡ್ಡದಾಗಿ ಹಾಕಿದ್ದಾರೆ. ವೀಣಾ ಅವರ ಕತೆ ಆಧರಿಸಿದ "ಅತಿಥಿ" ಅನ್ನುವ ಭಾಗದಲ್ಲಿ ಸರೋಜಾದೇವಿ ಮತ್ತು ಗಂಗಾಧರ್ ಇದ್ದಾರೆ. ಮದುವೆಯಾಗದೆ ಒಂಟಿಯಾಗಿ ಬದುಕುವ, ಓದಿಕೊಂಡ, ನಡುವಯಸ್ಸಿನ ಹೆಂಗಸು. ಅಷ್ಟೇ. ಯುದ್ಧ ಇಲ್ಲ, ಮಲತಾಯಿಯ ಸಂಚು ಇಲ್ಲ. ಒಂದು ಕಾಲದಲ್ಲಿ ದಕ್ಷಿಣ ಭಾರತದ ಅತಿ ದೊಡ್ಡ ನಾಯಕಿಯಾಗಿದ್ದವರು, ಮೂವತ್ತೆಂಟನೇ ವಯಸ್ಸಿನಲ್ಲಿ ತಮ್ಮ ವಯಸ್ಸನ್ನು ಮುಚ್ಚಿಡದೆ, ಒಂದು ಚಿತ್ರದ ಮೂರನೇ ಒಂದು ಭಾಗಕ್ಕೆ ಒಪ್ಪಿಕೊಂಡು ಬಂದಿದ್ದಾರೆ. ಎಲ್ಲ ಹಳೆಯ ಅಲಂಕಾರ ಬಿಟ್ಟು, ಧ್ವನಿ ತಗ್ಗಿಸಿ ಮಾಡಿದ್ದಾರೆ. ತಮಿಳಿನ ಹಾಡುಗಳಲ್ಲಿ ಕಂಡ ಕೊಂಕು, ಕಣ್ಣು ಮಿಟುಕಿಸುವುದು ಇಲ್ಲಿ ಒಂಚೂರೂ ಇಲ್ಲ. ಹೆಂಗಸೊಬ್ಬಳು ತನ್ನ ಆಯ್ಕೆಯನ್ನು ತಾನೇ ಮತ್ತೆ ಪರೀಕ್ಷೆ ಮಾಡಿಕೊಳ್ಳುವುದು ಹೀಗೆ ತೆರೆಯ ಮೇಲೆ ಬಂದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ನನ್ನ ವಯಸ್ಸಿನ, ಒಂಟಿಯಾಗಿರುವ ಗೆಳತಿಯರಿಗೆಲ್ಲ ಇದನ್ನು ತೋರಿಸಬೇಕು ಅಂತ ಇದೆ. ಡಿಸ್ಕ್ ಮಧ್ಯಮ, ಧ್ವನಿ ಸ್ವಲ್ಪ ಸಣ್ಣದು, ವಾಲ್ಯೂಮ್ ಜೋರು ಮಾಡಿಕೊಳ್ಳಿ.

"ಭಾಗ್ಯವಂತರು" 1977ರಲ್ಲಿ ಬಂತು, ಭಾರ್ಗವ ಅವರ ಮೊದಲ ನಿರ್ದೇಶನ. ದಂಪತಿಯ ಕಥೆ, ವಯಸ್ಸಾಗುವ ತನಕ ಹೋಗುತ್ತದೆ. "ನಿನ್ನ ನನ್ನ ಮನವು ಸೇರಿತು" ಕೇಳದ ಕನ್ನಡಿಗರು ಇಲ್ಲ. ರಾಜ್‌ಕುಮಾರ್ ಮತ್ತು ಸರೋಜಾದೇವಿ ಇಲ್ಲಿ ನಿಜವಾಗಿ ವರ್ಷಗಟ್ಟಲೆ ಸಂಸಾರ ಮಾಡಿದವರ ಹಾಗೆ ಕಾಣುತ್ತಾರೆ. ಡಿಸ್ಕ್ ಚೆನ್ನಾಗಿದೆ, ಹಿರಿಯರಿಗೆ ಕೊಡಲಿಕ್ಕೆ ಒಳ್ಳೆಯ ಉಡುಗೊರೆ.

ಇನ್ನು "ಯಾರಿವನು", 1984. ಪುಟ್ಟ ಪುನೀತ್ "ಕಣ್ಣಿಗೆ ಕಾಣುವ ದೇವರು" ಅಂತ ಹಾಡುತ್ತಾನಲ್ಲ, ಅದೇ ಚಿತ್ರ. ಅಮ್ಮ ಸರೋಜಾದೇವಿ. ಇದಾಗಿ ಎರಡು ವರ್ಷಕ್ಕೆ, 1986ರಲ್ಲಿ, ಶ್ರೀಹರ್ಷ ತೀರಿಕೊಂಡರು, ಸರೋಜಮ್ಮ ಸ್ವಲ್ಪ ಕಾಲ ಬಣ್ಣ ಹಚ್ಚಲೇ ಇಲ್ಲ. 2019ರಲ್ಲಿ "ನಟಸಾರ್ವಭೌಮ" ಚಿತ್ರದಲ್ಲಿ ಪುನೀತ್ ಜೊತೆ ಮತ್ತೆ ಕಾಣಿಸಿಕೊಂಡರು. ಎರಡು ವರ್ಷದ ನಂತರ ಆ ಹುಡುಗನೇ ಹೋಗಿಬಿಟ್ಟ. ಈ ಡಿಸ್ಕನ್ನು ದೊಡ್ಡಮ್ಮ ಪೂರ್ತಿ ನೋಡಲಿಲ್ಲ, ಹಾಡು ಶುರು ಆಗುತ್ತಿದ್ದ ಹಾಗೆ ಆರಿಸು ಅಂದರು.

ಪ್ಲೇಯರ್ ಇಲ್ಲದವರು ಏನು ಮಾಡಬೇಕು ಅಂತ ಕೇಳಬಹುದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗ ಇರಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಂಡರೆ ವಿಸಿಡಿ, ಡಿವಿಡಿ ಎರಡೂ ಓಡುತ್ತವೆ. ಎಚ್‌ಡಿಎಂಐ ವೈರ್‌ನಿಂದ ಟಿವಿಗೆ ಸಿಕ್ಕಿಸಿದರೆ ಮುಗಿಯಿತು. ಡಿಸ್ಕ್ ಒರೆಸುವಾಗ ಸುತ್ತ ತಿರುಗಿಸಿ ಒರೆಸಬೇಡಿ. ನಡುವಿನಿಂದ ಹೊರಗಡೆಗೆ ನೇರವಾಗಿ ಒರೆಸಿ, ಮೆತ್ತನೆಯ ಹತ್ತಿ ಬಟ್ಟೆ ಸಾಕು. ನಾನು ಕೊಂಡ ಯಾವ ಡಿಸ್ಕ್‌ನಲ್ಲೂ ಸಬ್‌ಟೈಟಲ್ ಇರಲಿಲ್ಲ, ತಮಿಳು ಬಾರದವರು ಅದನ್ನು ತಿಳಿದುಕೊಂಡೇ ಕೊಳ್ಳಿ.

ಡಿಸ್ಕ್ ಮಾಡಿದ ಕಂಪನಿಗಳಿಗೆ, ಈ ಚಿತ್ರಗಳ ಹಕ್ಕು ಇಟ್ಟುಕೊಂಡಿರುವ ಎಲ್ಲರಿಗೂ ನನ್ನದು ಒಂದೇ ಬೇಡಿಕೆ. ನೆಗೆಟಿವ್ ಎಲ್ಲಾದರೂ ಉಳಿದಿದ್ದರೆ "ಕಿತ್ತೂರು ಚೆನ್ನಮ್ಮ"ವನ್ನು, "ಜಕಣಾಚಾರಿ"ಯನ್ನು ಮೊದಲು ಸರಿ ಮಾಡಿಸಿ. ತಮಿಳಿನವರು ತಮ್ಮ ಎಂಜಿಆರ್ ಚಿತ್ರಗಳನ್ನು ಶುದ್ಧ ಮಾಡಿಸಿ ಮತ್ತೆ ಥಿಯೇಟರ್‌ಗೆ ತರುತ್ತಾರೆ, ಜನ ಹೋಗಿ ನೋಡುತ್ತಾರೆ. ನಮ್ಮಲ್ಲೂ ನೋಡುತ್ತಾರೆ. ದುಡ್ಡು ಕೊಟ್ಟು ನೋಡಲಿಕ್ಕೆ ನಾನಂತೂ ತಯಾರಿದ್ದೇನೆ, ನಮ್ಮ ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತೇನೆ.

"ಮಹಾಕವಿ ಕಾಳಿದಾಸ"ದ ಡಿಸ್ಕ್ ಈ ಅಂಗಡಿಯಲ್ಲಿ ಇಲ್ಲ. ಪಂತುಲು ಅವರ "ಸ್ಕೂಲ್ ಮಾಸ್ಟರ್" ಇತ್ತಂತೆ, ನಾನು ಹೋಗುವ ಮುಂಚೆ ಯಾರೋ ತಗೊಂಡು ಹೋಗಿದ್ದರು. ಎರಡರ ಹೆಸರನ್ನೂ ಅಣ್ಣ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ನನ್ನ ನಂಬರ್ ತಗೊಂಡು, ಬಂದರೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ಇದನ್ನು ಓದುವ ಯಾರ ಮನೆಯ ಅಟ್ಟದಲ್ಲಾದರೂ ಇವುಗಳ ಡಿಸ್ಕೋ, ಹಳೆಯ ವಿಡಿಯೋ ಕ್ಯಾಸೆಟ್ಟೋ ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಕ್ಯಾಸೆಟ್ ಆದರೂ ಪರವಾಗಿಲ್ಲ, ಅದನ್ನು ಡಿಸ್ಕ್‌ಗೆ ಇಳಿಸಿಕೊಡುವವರು ಅದೇ ಗಲ್ಲಿಯಲ್ಲಿ ಇದ್ದಾರೆ, ಆ ಖರ್ಚು ನನ್ನದು.